ಕೊಳದ ನೀರು ತಿಳಿಯಾಗಿರಲು: ಅಳತೆ ಮೊದಲು, ಕ್ಲೋರಿನ್ ಆಮೇಲೆ

ಹೊಸದಾಗಿ ಮನೆಗೆ ಈಜುಕೊಳ ಬಂದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ನೀರು ತುಸು ಹಸಿರಾದರೆ ಸಾಕು, ಅಳೆಯದೆ ಕ್ಲೋರಿನ್ ಸುರಿಯುತ್ತಾರೆ. ತಿಳಿಯಾಗಲಿಲ್ಲವೆಂದು ಮತ್ತಷ್ಟು ಸುರಿಯುತ್ತಾರೆ.

ಮೊದಲು ನೀರೆಷ್ಟಿದೆ ಎಂದು ತಿಳಿಯಿರಿ. ಮೀಟರ್ ಲೆಕ್ಕದಲ್ಲಿ ಉದ್ದ, ಅಗಲ, ಸರಾಸರಿ ಆಳ ಗುಣಿಸಿ, ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರ್. 8 ಮೀಟರ್ ಉದ್ದ, 4 ಅಗಲ, 1.5 ಆಳವಾದರೆ 48,000 ಲೀಟರ್. ಮುಂದಿನ ಪ್ರಮಾಣಗಳೆಲ್ಲ ಈ ಅಳತೆಯ ಕೊಳಕ್ಕೆ.

ಎಲೆ ತೆಗೆಯುವುದು, ಗೋಡೆ ಉಜ್ಜುವುದು, ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿ ಖಾಲಿ ಮಾಡುವುದು ವಾರಕ್ಕೆರಡು ಸಲ.

ಇನ್ನು ಪರೀಕ್ಷೆ. ಮೊಣಕೈ ಮುಳುಗುವಷ್ಟು ಆಳದಿಂದ, ನೀರು ಒಳಬರುವ ನಳಿಕೆಯಿಂದ ದೂರದಲ್ಲಿ ಮಾದರಿ ತೆಗೆಯಿರಿ. ಬಣ್ಣದ ಕಾಗದದ ಪಟ್ಟಿಗಳನ್ನು ನಂಬಬೇಡಿ, ಹನಿ ಹಾಕುವ ಕಿಟ್ಟನ್ನೇ ಕೊಳ್ಳಿ. ಆದರೆ ಅದರಲ್ಲೂ ಒಂದು ಮೋಸವಿದೆ: ಹನಿ ಬಿದ್ದೊಡನೆ ಗುಲಾಬಿ ಬಣ್ಣ ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲವೆಂದಲ್ಲ, ವಿಪರೀತ ಇದೆಯೆಂದು. ಹೆಚ್ಚಾದ ಕ್ಲೋರಿನ್ ಬಣ್ಣವನ್ನೇ ಸುಟ್ಟುಬಿಡುತ್ತದೆ. ಮಾದರಿಗೆ ಅಷ್ಟೇ ಶುದ್ಧ ನೀರು ಬೆರೆಸಿ ಮತ್ತೆ ನೋಡಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ.

ಸರಿಪಡಿಸುವ ಕ್ರಮ ತಪ್ಪಬಾರದು. ಮೊದಲು ಕ್ಷಾರೀಯತೆ (ಪಿಎಚ್ ಏರುಪೇರಾಗದಂತೆ ನೀರು ತಡೆಯುವ ಶಕ್ತಿ), 80ರಿಂದ 120 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. 10 ಪಿಪಿಎಂ ಏರಿಸಲು ಸುಮಾರು 800 ಗ್ರಾಂ ಅಡುಗೆ ಸೋಡಾ ಸಾಕು. ಇದು ಕಡಿಮೆಯಿದ್ದರೆ ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ. ಆಮೇಲೆ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ, 7.2ರಿಂದ 7.6. ಅದು 8 ಮುಟ್ಟಿದರೆ ಕ್ಲೋರಿನ್ನಿನ ಕಸುವು ಬಹಳಷ್ಟು ಉಡುಗುತ್ತದೆ; ಎಷ್ಟು ಸುರಿದರೂ ಪಾಚಿ ಜಗ್ಗದಿರುವುದಕ್ಕೆ ಇದೇ ಕಾರಣವಿರಬಹುದು. ಕೊನೆಗೆ ಕ್ಲೋರಿನ್, 2ರಿಂದ 4 ಪಿಪಿಎಂ. ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯಾದರೆ 1 ಪಿಪಿಎಂಗೆ 75 ಗ್ರಾಂ. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಪುಡಿ, ತಿರುಗುಮುರುಗು ಮಾಡಬೇಡಿ. ಬಿಸಿಲು ಕ್ಲೋರಿನ್ ತಿನ್ನುವುದರಿಂದ ಸಂಜೆಯೇ ಹಾಕಿ.

ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡಲು ಸಯನ್ಯೂರಿಕ್ ಆಮ್ಲ 30ರಿಂದ 50 ಪಿಪಿಎಂ ಬೇಕು. ತೇಲಿಬಿಡುವ ಟ್ರೈಕ್ಲೋರ್ ಎಂಬ ಕ್ಲೋರಿನ್ ಮಾತ್ರೆ ಸುಲಭವೆನಿಸಿದರೂ ಅದು ಕರಗಿದಂತೆಲ್ಲ ಈ ಆಮ್ಲವೂ ಕೂಡುತ್ತಲೇ ಹೋಗುತ್ತದೆ. ಅತಿಯಾದರೆ ಒಂದಷ್ಟು ನೀರು ಹೊರಚೆಲ್ಲಿ ಹೊಸ ನೀರು ತುಂಬಿಸಬೇಕಾಗುತ್ತದೆ. ಊರಿಗೆ ಹೋಗುವಾಗ ಮಾತ್ರ ಮಾತ್ರೆ ಬಳಸಿ. ಮಾತ್ರೆಯ ಡಬ್ಬಿ, ಚಮಚವನ್ನು ಹೈಪೋಕ್ಲೋರೈಟ್ ಪುಡಿಗೆ ಎಂದೂ ಮುಟ್ಟಿಸಬೇಡಿ. ಎರಡೂ ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು.

ನೀರು ಆಗಲೇ ಹಸಿರಾಗಿದ್ದರೆ ಪಿಎಚ್ 7.2ಕ್ಕೆ ಇಳಿಸಿ, ಗೋಡೆ ಉಜ್ಜಿ, ಕ್ಲೋರಿನ್ 12 ಪಿಪಿಎಂಗೆ ಏರಿಸಿ. ಸಯನ್ಯೂರಿಕ್ ಆಮ್ಲ 30 ಪಿಪಿಎಂ ಇರುವ ಕೊಳಕ್ಕೆ ಈ ಲೆಕ್ಕ. ಪಂಪ್ ಹಗಲೂ ರಾತ್ರಿ ಓಡಲಿ. ಒಮ್ಮೆ ಹಾಕಿ ಕೈತೊಳೆದುಕೊಂಡರೆ ಪಾಚಿ ಮತ್ತೆ ತಲೆಯೆತ್ತುತ್ತದೆ. ದಿನಕ್ಕೆರಡು ಮೂರು ಸಲ ಅಳೆದು, ಇಳಿದಷ್ಟನ್ನು ತುಂಬಿಸುತ್ತಿರಿ. ನೀರು ತಿಳಿಯಾದ ಮೇಲೆ ಕತ್ತಲಾದಾಗ ಒಮ್ಮೆ, ಬಿಸಿಲೇರುವ ಮುನ್ನ ಒಮ್ಮೆ ಅಳೆಯಿರಿ. ಇಳಿಕೆ 1 ಪಿಪಿಎಂ ಮೀರದಿದ್ದರೆ ಪಾಚಿ ಸತ್ತಿದೆ.

ಈ ದಿನಗಳಲ್ಲಿ ಮರಳಿನ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಗೇಜಿನ ಒತ್ತಡ ಶುಚಿಯಾಗಿದ್ದಾಗಿನದಕ್ಕಿಂತ 8ರಿಂದ 10 ಪಿಎಸ್‌ಐ ಏರಿದರೆ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯಿರಿ. ಪಂಪ್ ನಿಲ್ಲಿಸದೆ ವಾಲ್ವಿನ ಹಿಡಿ ತಿರುಗಿಸಿದರೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಹರಿದು, ಹೊರಹರಿವಿನ ಪೈಪಿನಿಂದ ನೀರು ಸದಾ ಸೋರುತ್ತದೆ. ಹೊರಹರಿವನ್ನು ತೋರಿಸುವ ಗಾಜಿನಲ್ಲಿ ತಿಳಿನೀರು ಕಾಣುವವರೆಗೆ ಬ್ಯಾಕ್‌ವಾಶ್, ಬಳಿಕ ಪಂಪ್ ನಿಲ್ಲಿಸಿ ಹಿಡಿಯನ್ನು ‘ರಿನ್ಸ್’ಗೆ ತಿರುಗಿಸಿ ಅರ್ಧ ನಿಮಿಷ ಓಡಿಸಿ.

ಕ್ಲೋರಿನ್ 4ಕ್ಕೆ ಇಳಿದು, ಆಳದ ತುದಿಯಲ್ಲಿ ತಳದ ಡ್ರೇನ್ ಜಾಲರಿ ಸ್ಪಷ್ಟವಾಗಿ ಕಾಣುವವರೆಗೆ ಯಾರನ್ನೂ ನೀರಿಗಿಳಿಸಬೇಡಿ.