ಬಿಸಿಲಿಗೆ ಹಿಡಿದು ಆರಿಸಿಕೊಂಡ ಲ್ಯಾಪ್‌ಟಾಪ್

ನನ್ನ ಕೆಲಸ ವನ್ಯಜೀವಿ ಸಮೀಕ್ಷೆ. ಪ್ರಾಣಿ ಸುಳಿದಾಗ ತಾವೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳ ಕಾರ್ಡುಗಳನ್ನು ಖಾಲಿ ಮಾಡುವುದು, ರಾಶಿ ಚಿತ್ರಗಳನ್ನು ವಿಂಗಡಿಸುವುದು, ಕ್ಯೂಜಿಐಎಸ್ ಎಂಬ ತಂತ್ರಾಂಶದಲ್ಲಿ ನಕ್ಷೆ ತಿದ್ದಿ ಮರುದಿನದ ದಾರಿ ಗುರುತಿಸುವುದು, ಎಲ್ಲವೂ ಕ್ಷೇತ್ರದಲ್ಲೇ ಮುಗಿಯಬೇಕು. ಬೆನ್ನಚೀಲದಲ್ಲಿ ನೀರು, ಕ್ಯಾಮೆರಾ, ಸೆಲ್ಲುಗಳೆಲ್ಲ ಕೂತ ಮೇಲೆ ಲ್ಯಾಪ್‌ಟಾಪಿಗೆ ಉಳಿಯುವುದು ಹೆಚ್ಚೆಂದರೆ ಒಂದೂವರೆ ಕಿಲೋ. ಒರಟು ಬಳಕೆಗೆಂದೇ ತಯಾರಾದ ರಗಡ್ ಲ್ಯಾಪ್‌ಟಾಪುಗಳು ತೂಕದಲ್ಲೂ ಬೆಲೆಯಲ್ಲೂ ನನಗೆ ಹೊರಲಾರದ ಹೊರೆ. ಹಾಗಾಗಿ ಕಂಪನಿಗಳು ಕೆಲವು ವರ್ಷ ಬಳಸಿ ಮಾರಿಬಿಡುವ ಯಂತ್ರಗಳತ್ತ ಹೊರಳಿದೆ: ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್ ಸರಣಿ, ಡೆಲ್‌ನ ಲ್ಯಾಟಿಟ್ಯೂಡ್ 7000, ಎಚ್‌ಪಿಯ ಎಲೀಟ್‌ಬುಕ್ 800. ಅದೇ ಹಣಕ್ಕೆ ಬರುವ ಹೊಸ ಲ್ಯಾಪ್‌ಟಾಪಿಗಿಂತ ಇವುಗಳ ಕೀಲು, ಕೀಬೋರ್ಡು ಎಷ್ಟೋ ಗಟ್ಟಿ. ಬಿಚ್ಚಿ ಜೋಡಿಸುವ ಕೈಪಿಡಿಯನ್ನು ತಯಾರಕರೇ ಪ್ರಕಟಿಸಿರುತ್ತಾರೆ.

ನಾನು ಮೊದಲು ನೋಡುವುದು ಪ್ರೊಸೆಸರನ್ನಲ್ಲ, ಪರದೆಯನ್ನು. ಒಂದೇ ಮಾದರಿಯ ಹೆಸರಿನಡಿ ಬೇರೆ ಬೇರೆ ಪರದೆಗಳು ಬಂದಿರುತ್ತವೆ. ಪರದೆಯ ಬೆಳಕನ್ನು ಅಳೆಯುವ ನಿಟ್ಸ್ ಲೆಕ್ಕದಲ್ಲಿ ಅಗ್ಗದ್ದು 220–250, ಒಳ್ಳೆಯದು 400. ಹೊರಗಿನಿಂದ ಎರಡೂ ಒಂದೇ. ಆದ್ದರಿಂದ ಕೊಳ್ಳುವ ಮುನ್ನ ಎರಡೂ ಬಗೆಯ ಯಂತ್ರಗಳನ್ನು ನಡುಹಗಲಲ್ಲಿ ಹೊರಗೆ ಒಯ್ದು, ಬೆಳಕನ್ನು ಪೂರ್ತಿ ಏರಿಸಿ, ನೆಲದ ಎತ್ತರ ತೋರಿಸುವ ರೇಖೆಗಳಿರುವ ನಕ್ಷೆಯೊಂದನ್ನು ತೆರೆದೆ. ಮಂದ ಪರದೆಯಲ್ಲಿ ಕಂದು ಬಣ್ಣದ ಸಣ್ಣ ಗೆರೆಗಳು ಮಾಯವಾಗಿ ನನ್ನ ಟೋಪಿಯ ಅಂಚು ಕಾಣಿಸಿತು. ಇನ್ನೊಂದರಲ್ಲಿ, ಮರದ ನೆರಳಿಗೆ ಸರಿದ ಕೂಡಲೇ, ರೇಖೆಗಳ ಮೇಲಿನ ಅಂಕಿಗಳನ್ನೂ ಓದಬಹುದಿತ್ತು. ಪರದೆ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಆಗಿರಲೇಬೇಕು. ಹೊಳೆಯುವ ಗಾಜು ಅಂಗಡಿಯಲ್ಲಷ್ಟೇ ಚೆನ್ನ.

ಬ್ಯಾಟರಿಯ ವಿಚಾರದಲ್ಲಿ ಗಂಟೆಗಳ ಭರವಸೆಯನ್ನು ನಾನು ನಂಬುವುದಿಲ್ಲ, ಅದರಲ್ಲಿ ಎಷ್ಟು ವಿದ್ಯುತ್ ಶಕ್ತಿ ಹಿಡಿಯುತ್ತದೆಂದು ಹೇಳುವ ವ್ಯಾಟ್-ಅವರ್ ಕೇಳುತ್ತೇನೆ. ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. 60 ವ್ಯಾಟ್-ಅವರ್‌ನದು 45ಕ್ಕೆ ಇಳಿದಿದ್ದು, ಕೆಲಸ ಸರಾಸರಿ 9 ವ್ಯಾಟ್ ಎಳೆದರೆ, ಸಿಗುವುದು ಐದು ಗಂಟೆ. ಅದಕ್ಕಿಂತ ಕಡಿಮೆಯಾದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಸೇರಿಸಿಯೇ ಚೌಕಾಸಿ ಮಾಡಬೇಕು.

ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗದ ಲ್ಯಾಪ್‌ಟಾಪ್ ನನಗೆ ಬೇಡವೇ ಬೇಡ. ಆ ರಂಧ್ರ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆಂದಲ್ಲ, ಚುಚ್ಚಿಯೇ ನೋಡಬೇಕು. 20 ವೋಲ್ಟ್ ಕೊಡುವ ಪವರ್ ಬ್ಯಾಂಕ್ ಜೊತೆಗಿದ್ದರೆ ವಿದ್ಯುತ್ ಇಲ್ಲದ ಬಿಡಾರದಲ್ಲೂ ಸಂಜೆಯ ಕೆಲಸ ನಿಲ್ಲುವುದಿಲ್ಲ. 20,000 ಎಂಎಎಚ್ ಎಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್. ಒಂದಷ್ಟು ಪಾಲು ವೋಲ್ಟೇಜ್ ಬದಲಾವಣೆಯಲ್ಲೇ ಸೋರಿಹೋಗುತ್ತದೆ. ವಿಮಾನದಲ್ಲಿ ಸಾಮಾನ್ಯವಾಗಿ 100 ವ್ಯಾಟ್-ಅವರ್ ಒಳಗಿನದನ್ನು ಕೈಚೀಲದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದು.

ಪ್ರೊಸೆಸರ್ ಇಂಟೆಲ್‌ನದಾದರೆ ಎಂಟನೇ ಪೀಳಿಗೆಯದೋ ಅದರ ನಂತರದ್ದೋ ಸಾಕು; ಕೆಲವೇ ಅಪವಾದಗಳನ್ನು ಬಿಟ್ಟರೆ ವಿಂಡೋಸ್ 11 ಅದಕ್ಕಿಂತ ಹಳೆಯದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ರ‍್ಯಾಮ್ ಮಾತ್ರ 16 ಜಿಬಿ ಇರಲಿ. ತೆಳ್ಳಗಿನ ಕೆಲವು ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಏರಿಸಲಾಗದು. ತಿರುಗುವ ಹಾರ್ಡ್ ಡಿಸ್ಕ್ ಜೀಪಿನ ಕುಲುಕಾಟಕ್ಕೆ ಹೇಳಿದ್ದಲ್ಲ, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯೇ ಬೇಕು. ಅಮೆರಿಕದ ಸೇನಾ ಪರೀಕ್ಷಾ ಮಾನದಂಡವಾದ ಎಂಐಎಲ್-ಎಸ್‌ಟಿಡಿ-810ರ ಚೀಟಿ ಕಂಡು ನೀರಿಗೂ ಜಗ್ಗದು ಎಂದುಕೊಳ್ಳಬೇಡಿ. ಅದರಲ್ಲಿರುವ ಹಲವು ಪರೀಕ್ಷೆಗಳಲ್ಲಿ ಯಾವುದನ್ನು ಮಾಡಿಸಬೇಕೆಂದು ಆರಿಸಿಕೊಳ್ಳುವವರು ತಯಾರಕರೇ. ಮಳೆಗಾಲದಲ್ಲಿ ನನ್ನದು ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗಿನಲ್ಲೇ ಇರುತ್ತದೆ.

ಹಣ ಕೊಡುವ ಮುನ್ನ ಯಂತ್ರವನ್ನು ಮರುಚಾಲೂ ಮಾಡಿ, ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶವಾದ ಬಯೋಸ್ ಒಳಗೆ ಹೋದೆ. ಹಳೆಯ ಕಂಪನಿಯ ಪಾಸ್‌ವರ್ಡ್ ಅಲ್ಲಿ ಉಳಿದಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬರುವುದೇ ಸರಿ. ಎಷ್ಟೋ ಮಾದರಿಗಳಲ್ಲಿ ಅದನ್ನು ತೆಗೆಸಲು ಬೋರ್ಡನ್ನೇ ಬದಲಿಸಬೇಕಾಗುತ್ತದೆ.