ಚೌಕದೊಳಗೆ ಹನ್ನೆರಡು ಎಸಳು: ಹೂವಿನ ಗ್ರ್ಯಾನಿ ಸ್ಕ್ವೇರ್ ಹೆಣೆಯುವ ಬಗೆ

ಗ್ರ್ಯಾನಿ ಸ್ಕ್ವೇರ್ ಎಂದರೆ ಕ್ರೋಶೆಯಲ್ಲಿ, ಅಂದರೆ ಕೊಕ್ಕೆ ಕಡ್ಡಿಯಿಂದ, ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಹೆಣೆಯುವ ನೂಲಿನ ಚೌಕ. ಇದಕ್ಕೆ ಕೈಚಳಕಕ್ಕಿಂತ ಲೆಕ್ಕ ಮುಖ್ಯ. ಚೈನ್ (ಕುಣಿಕೆಗಳ ಸರಪಳಿ), ಸ್ಲಿಪ್ ಸ್ಟಿಚ್ (ಕೂಡಿಸುವ ಹೊಲಿಗೆ), ಸಿಂಗಲ್ ಕ್ರೋಶೆ (ಗಿಡ್ಡ ಹೊಲಿಗೆ), ಡಬಲ್ ಕ್ರೋಶೆ (ಎತ್ತರದ ಹೊಲಿಗೆ), ಈ ನಾಲ್ಕು ಬಂದರೆ ಹೂವೂ ಬರುತ್ತದೆ, ಚೌಕವೂ ಬರುತ್ತದೆ. ಹೊಸಬರ ಚೌಕ ಸೊಟ್ಟಗಾಗುವುದು, ಬಟ್ಟಲಿನಂತೆ ಮೇಲೇಳುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಕಡ್ಡಿ ಚುಚ್ಚಬೇಕಾದ ಜಾಗ ತಪ್ಪಿರುತ್ತದೆ, ಇಲ್ಲವೇ ಸುತ್ತು ಮುಗಿದ ಮೇಲೆ ಎಣಿಸಿರುವುದಿಲ್ಲ.

ಇಲ್ಲಿ ಹೇಳಿರುವುದು 12 ಎಸಳಿನ ಹೂವು, ಐದು ಸುತ್ತಿನ ಚೌಕ. 12 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಅದು ನಾಲ್ಕರಿಂದ ಭಾಗವಾಗುವುದರಿಂದ ದುಂಡನೆಯ ಹೂವು ಮೂರನೇ ಸುತ್ತಿನಲ್ಲಿ ತಂಟೆಯಿಲ್ಲದೆ ನಾಲ್ಕು ಮೂಲೆಗೆ ಹಂಚಿಕೊಳ್ಳುತ್ತದೆ.

ಬೇಕಾಗುವ ಸಾಮಗ್ರಿ

ಮಧ್ಯಮ ದಪ್ಪದ, ಅಂದರೆ ಡಿಕೆ ಎಂದು ಗುರುತಿಸಿರುವ ಅಕ್ರಿಲಿಕ್ ಅಥವಾ ಹತ್ತಿ ನೂಲು ನಾಲ್ಕು ಬಣ್ಣದಲ್ಲಿ: ಹೂವಿನ ನಡುವಿಗೆ ಹಳದಿ, ಎಸಳಿಗೆ ನಿಮಗಿಷ್ಟದ್ದು, ಎಲೆಯಂತೆ ಕಾಣಲು ಹಸಿರು, ಅಂಚಿಗೆ ಬಿಳಿ. ಜೊತೆಗೆ 4 ಮಿ.ಮೀ. ಕ್ರೋಶೆ ಕಡ್ಡಿ, ಕತ್ತರಿ, ಮೊಂಡು ತುದಿಯ ದಪ್ಪ ಸೂಜಿ. ಈ ನೂಲಿಗೆ, ಈ ಕಡ್ಡಿಗೆ ಚೌಕ ಸುಮಾರು 10 ಸೆಂ.ಮೀ. ಅಗಲ ಬರುತ್ತದೆ, ಕೈ ಬಿಗಿಯಿದ್ದರೆ ಕೊಂಚ ಕಡಿಮೆ. ನಾಲ್ಕೂ ಬಣ್ಣ ಒಂದೇ ದಪ್ಪದ್ದಿರಲಿ. ಉಳಿದ ತುಂಡು ನೂಲುಗಳಿಗೆ ಇದು ಒಳ್ಳೆಯ ಕೆಲಸವೇ, ಆದರೆ ದಪ್ಪ ಬೇರೆ ಬೇರೆಯಾದರೆ ಒಂದು ಸುತ್ತು ಎಳೆದುಕೊಂಡು ಇನ್ನೊಂದು ಸುತ್ತು ಸುಕ್ಕುಗಟ್ಟುತ್ತದೆ.

ಅಂಚಿನ ಬಣ್ಣ ಹೆಚ್ಚು ಖರ್ಚಾಗುತ್ತದೆ. ಎಷ್ಟು ಉಂಡೆ ಬೇಕೆಂದು ತಿಳಿಯಲು ಹೆಣೆಯುವ ಮೊದಲು ಮತ್ತು ಒಂದು ಚೌಕ ಮುಗಿದ ಮೇಲೆ ಪ್ರತಿ ಬಣ್ಣದ ಉಂಡೆಯನ್ನೂ ತೂಗಿ ನೋಡಿ; ವ್ಯತ್ಯಾಸವನ್ನು ಬೇಕಾದ ಚೌಕಗಳ ಸಂಖ್ಯೆಯಿಂದ ಗುಣಿಸಿದರಾಯಿತು. ಹೊಲಿಗೆಗೆ ಬೇಕಾಗುವುದನ್ನೂ ಸೇರಿಸಿಕೊಂಡು ಅಂಚಿನ ಬಣ್ಣವನ್ನು ಒಂದೇ ಸಲ, ಲೇಬಲ್ಲಿನ ಮೇಲೆ ಒಂದೇ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಸಂಖ್ಯೆ ಇರುವಂತೆ ನೋಡಿ ಕೊಳ್ಳಿ. ಬೇರೆ ಲಾಟಿನ ಬಿಳಿ ಕೈಯಲ್ಲಿದ್ದಾಗ ಒಂದೇ ತರಹ ಕಂಡರೂ ಹೊದಿಕೆಯಾಗಿ ಹರಡಿದಾಗ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಇನ್ನೊಂದು ಮಾತು. ಇಲ್ಲಿರುವುದು ಅಮೆರಿಕನ್ ಪದ್ಧತಿಯ ಹೆಸರುಗಳು. ಇದೇ ಡಬಲ್ ಕ್ರೋಶೆ ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಟ್ರೆಬಲ್ ಆಗಿರುತ್ತದೆ. ಎರಡನ್ನೂ ಬೆರೆಸಿ ಓದಿದರೆ ಚೌಕ ಅರ್ಧ ಗಾತ್ರಕ್ಕೆ ಇಳಿಯುತ್ತದೆ.

ಮೊದಲ ಸುತ್ತು: ಹಳದಿ ನಡು

ಹಳದಿ ನೂಲಿನಿಂದ ಮ್ಯಾಜಿಕ್ ರಿಂಗ್ ಮಾಡಿ. ನೂಲನ್ನು ಎರಡು ಬೆರಳಿಗೆ ಸುತ್ತಿ, ಆ ಸುತ್ತಿನೊಳಗಿಂದ ಒಂದು ಕುಣಿಕೆ ಎಳೆದುಕೊಂಡರೆ ರಿಂಗ್ ಸಿದ್ಧ. 15 ಸೆಂ.ಮೀ. ಬಾಲ, ಅಂದರೆ ನೂಲಿನ ತುದಿ, ಬಿಡಿ. 3 ಚೈನ್ ಹಾಕಿ; ಇದೇ ಮೊದಲ ಡಬಲ್ ಕ್ರೋಶೆ ಎಂದು ಲೆಕ್ಕ. ರಿಂಗ್‌ನೊಳಗೆ ಇನ್ನೂ 11 ಡಬಲ್ ಕ್ರೋಶೆ. ಬಾಲವನ್ನು ಎಳೆದು ನಡುವಿನ ತೂತು ಮುಚ್ಚಿ, ಮೂರನೇ ಚೈನಿನ ತಲೆಗೆ ಸ್ಲಿಪ್ ಸ್ಟಿಚ್ ಹಾಕಿ ಸುತ್ತು ಕೂಡಿಸಿ. ಒಟ್ಟು 12. ನೂಲು ಕತ್ತರಿಸಿ, ಕುಣಿಕೆಯೊಳಗಿಂದ ತುದಿ ಎಳೆದು ಬಿಗಿಮಾಡಿ.

ಮ್ಯಾಜಿಕ್ ರಿಂಗ್ ಕೈಗೆ ಒಗ್ಗದವರು 4 ಚೈನ್ ಹಾಕಿ ಉಂಗುರ ಕೂಡಿಸಿಕೊಳ್ಳಬಹುದು. ನಡುವೆ ಚಿಕ್ಕ ತೂತು ಉಳಿಯುತ್ತದೆ, ಅಷ್ಟೆ.

ಎರಡನೇ ಸುತ್ತು: ಎಸಳು

ಹೂವಿನ ಅಂದವೆಲ್ಲ ಈ ಸುತ್ತಿನಲ್ಲಿದೆ, ಹೆಚ್ಚಿನ ತಪ್ಪುಗಳೂ ಇಲ್ಲಿಯೇ. ಎಸಳು ಕೂರುವುದು ಹಳದಿ ಹೊಲಿಗೆಯ ತಲೆಯ ಮೇಲಲ್ಲ, ಎರಡು ಹೊಲಿಗೆಗಳ ನಡುವಿನ ಸಂದಿನಲ್ಲಿ. ತಲೆಗೆ ಚುಚ್ಚಿದರೆ ಎಸಳಿನ ಬುಡ ಅಗಲಿಸಿ ನಿಲ್ಲುತ್ತದೆ. ಸಂದಿಗೆ ಚುಚ್ಚಿದರೆ ಬುಡ ಒತ್ತಾಗಿ, ತುದಿ ಉಬ್ಬಿ ನಿಜವಾದ ಎಸಳಿನ ಆಕಾರ ಬರುತ್ತದೆ.

ಯಾವುದಾದರೂ ಒಂದು ಸಂದಿಗೆ ಎಸಳಿನ ಬಣ್ಣವನ್ನು ಸ್ಲಿಪ್ ಸ್ಟಿಚ್‌ನಿಂದ ಕೂಡಿಸಿ. ಮೊದಲ ಎಸಳಿಗೆ 2 ಚೈನ್ ಹಾಕಿ, ಅದೇ ಸಂದಿನಲ್ಲಿ ಎರಡು ಅರೆ ಡಬಲ್ ಕ್ರೋಶೆ ಹೆಣೆಯಿರಿ. ಅರೆ ಎಂದರೆ, ನೂಲು ಸುತ್ತಿ, ಚುಚ್ಚಿ ಎಳೆದು, ಒಮ್ಮೆ ಎರಡು ಕುಣಿಕೆ ದಾಟಿಸಿ ಅಲ್ಲಿಗೇ ನಿಲ್ಲಿಸುವುದು. ಕೊನೆಯ ಕುಣಿಕೆ ಕಡ್ಡಿಯ ಮೇಲೇ ಉಳಿಯುತ್ತದೆ. ಈಗ ಕಡ್ಡಿಯ ಮೇಲೆ 3 ಕುಣಿಕೆಗಳಿರುತ್ತವೆ. ನೂಲು ಸುತ್ತಿ ಮೂರರೊಳಗಿಂದಲೂ ಒಟ್ಟಿಗೆ ಎಳೆಯಿರಿ. ನಂತರ 2 ಚೈನ್.

ಮುಂದಿನ ಪ್ರತಿ ಸಂದಿಗೂ ಮೂರು ಅರೆ ಡಬಲ್ ಕ್ರೋಶೆ; ಆಗ ಕಡ್ಡಿಯ ಮೇಲೆ 4 ಕುಣಿಕೆ. ನಾಲ್ಕನ್ನೂ ಒಟ್ಟಿಗೆ ದಾಟಿಸಿ 2 ಚೈನ್. ಹೀಗೆ 12 ಎಸಳು ಮುಗಿಸಿ, ಮೊದಲ ಎಸಳಿನ ತಲೆಗೆ ಸ್ಲಿಪ್ ಸ್ಟಿಚ್ ಹಾಕಿ ನೂಲು ಕತ್ತರಿಸಿ.

ಎಣಿಸಿ. 11 ಬಂದಿದ್ದರೆ ಕಣ್ಣು ತಪ್ಪಿದ ಜಾಗ ಬಹುತೇಕ ಒಂದೇ: ಮೊದಲ ಸುತ್ತಿನ ಆರಂಭದ 3 ಚೈನಿಗೂ ಕೊನೆಯ ಹೊಲಿಗೆಗೂ ನಡುವಿನ ಸಂದು. ಸ್ಲಿಪ್ ಸ್ಟಿಚ್‌ನಿಂದಾಗಿ ಅದು ಮುಚ್ಚಿಕೊಂಡಂತೆ ಕಾಣುತ್ತದೆ, ಬೆರಳಿನಿಂದ ಬಿಡಿಸಿದರೆ ಸಿಗುತ್ತದೆ. 13 ಬಂದಿದ್ದರೆ ಆ ಸ್ಲಿಪ್ ಸ್ಟಿಚ್ಚನ್ನೇ ಒಂದು ಹೊಲಿಗೆಯೆಂದುಕೊಂಡಿದ್ದೀರಿ. ಎರಡರಲ್ಲಿ ಯಾವುದಾದರೂ ಬಿಚ್ಚಿ ಸರಿಮಾಡುವುದೇ ಲೇಸು. ಮುಂದಿನ ಸುತ್ತಿನಲ್ಲಿ ಹೊಂದಿಸಿಕೊಳ್ಳೋಣ ಎಂದುಕೊಂಡರೆ ಒಂದು ಬದಿ ಗಿಡ್ಡವಾಗಿ ಉಳಿಯುತ್ತದೆ.

ಎಸಳು ಸೊರಗಿ ಕಡ್ಡಿಯಂತಾದರೆ, ಸಂದಿನಿಂದ ನೂಲೆಳೆಯುವಾಗ ಕೈ ಬಿಗಿಯಾಗಿತ್ತು ಎಂದರ್ಥ. ಪ್ರತಿ ಸಲ ಎಳೆದ ಕುಣಿಕೆ ಒಂದು ಸೆಂ.ಮೀ.ಗಿಂತ ತುಸು ಎತ್ತರವಾಗಿರಲಿ, ಮೂರರದೂ ಒಂದೇ ಎತ್ತರವಿರಲಿ. ನಾಲ್ಕು ಕುಣಿಕೆ ದಾಟಿಸುವಾಗ ಕಡ್ಡಿ ಸಿಕ್ಕಿಕೊಳ್ಳುತ್ತಿದ್ದರೆ ಅದರ ಬಾಯಿಯನ್ನು ಕೆಳಮುಖ ಮಾಡಿ, ಎಸಳಿನ ಬುಡವನ್ನು ಇನ್ನೊಂದು ಕೈಯ ಬೆರಳುಗಳಿಂದ ಹಿಡಿದು ಎಳೆಯಿರಿ.

ಮೂರನೇ ಸುತ್ತು: ದುಂಡು ಚೌಕವಾಗುವುದು

ಈಗ ಎಸಳುಗಳ ನಡುವೆ 2 ಚೈನಿನ 12 ಸಂದುಗಳಿವೆ. ಹಿಂದಿನ ಸುತ್ತು ಕೂಡಿದ ಜಾಗವನ್ನು ಬಿಟ್ಟು ಬೇರೊಂದು ಸಂದಿನಿಂದ ಹಸಿರು ಶುರುಮಾಡಿ. ಗಂಟುಗಳೆಲ್ಲ ಒಂದೇ ಕಡೆ ಬಿದ್ದರೆ ಅಲ್ಲಿ ದಪ್ಪ ಗೆರೆಯೊಂದು ಏಳುತ್ತದೆ. 3 ಚೈನ್, 2 ಡಬಲ್, 2 ಚೈನ್, 3 ಡಬಲ್, ಎಲ್ಲವೂ ಅದೇ ಸಂದಿನಲ್ಲಿ. ಇದು ಮೊದಲ ಮೂಲೆ. ಮುಂದಿನ ಸಂದಿಗೆ 3 ಡಬಲ್, ಅದರ ಮುಂದಿನದಕ್ಕೂ 3 ಡಬಲ್. ನಂತರದ ಸಂದು ಮತ್ತೆ ಮೂಲೆ: 3 ಡಬಲ್, 2 ಚೈನ್, 3 ಡಬಲ್. ಒಂದು ಮೂಲೆ, ಎರಡು ಸಾದಾ. ಬಾಯಲ್ಲಿ ಹೇಳಿಕೊಂಡೇ ಸಾಗಿದರೆ ಐದನೇ ಮೂಲೆ ಹುಟ್ಟಿಕೊಳ್ಳುವುದಿಲ್ಲ. ಗುಂಪುಗಳ ನಡುವೆ ಚೈನ್ ಬೇಡ.

ಸುತ್ತು ಕೂಡಿಸಿದಾಗ ಪ್ರತಿ ಬದಿಗೆ 12, ಒಟ್ಟು 48 ಡಬಲ್ ಕ್ರೋಶೆ. ಬದಿಗಳು ಇನ್ನೂ ಕೊಂಚ ಉಬ್ಬಿಕೊಂಡೇ ಇರುತ್ತವೆ. ಗಾಬರಿ ಬೇಡ, ಮುಂದಿನ ಸುತ್ತಿನಲ್ಲಿ ನೇರವಾಗುತ್ತದೆ.

ಉಳಿದ ಎರಡು ಸುತ್ತು

ಬಿಳಿ ನೂಲನ್ನು ಒಂದು ಮೂಲೆಗೆ ಕೂಡಿಸಿ, ಅಲ್ಲಿ ಹಿಂದಿನಂತೆಯೇ 3 ಚೈನ್, 2 ಡಬಲ್, 2 ಚೈನ್, 3 ಡಬಲ್. ಬದಿಯಲ್ಲಿ ಹಸಿರು ಗುಂಪುಗಳ ನಡುವೆ ಮೂರು ಸಂದು ಸಿಗುತ್ತವೆ. ಪ್ರತಿಯೊಂದಕ್ಕೂ 3 ಡಬಲ್. ಬದಿಗೆ 15, ಒಟ್ಟು 60. ನೂಲು ಕತ್ತರಿಸದೆ 1 ಚೈನ್ ಹಾಕಿ ಐದನೇ ಸುತ್ತಿಗೆ ಹೋಗಿ. ಕೂಡಿದ ಜಾಗವೂ ಸೇರಿ ಪ್ರತಿ ಹೊಲಿಗೆಯ ತಲೆಗೆ ಒಂದು ಸಿಂಗಲ್ ಕ್ರೋಶೆ, ಮೂಲೆಯಲ್ಲಿ ಒಂದು ಸಿಂಗಲ್, 2 ಚೈನ್, ಒಂದು ಸಿಂಗಲ್. ಬದಿಗೆ 17, ಒಟ್ಟು 68.

ಚೌಕ ಮಟ್ಟಸವಾಗಿ ಕೂರದಿದ್ದರೆ

ನಡು ಕುಳಿಬಿದ್ದು ಅಂಚು ಮೇಲೆದ್ದರೆ ಹೊರಸುತ್ತಿಗೆ ಜಾಗ ಸಾಲುತ್ತಿಲ್ಲ. ಎಣಿಕೆ ಸರಿಯಿದ್ದರೆ ಎಸಳಿನ ನಡುವಿನ ಚೈನ್ ಬಿಗಿಯಾಗಿದೆ, ಕಡ್ಡಿಯನ್ನು 4.5 ಮಿ.ಮೀ.ಗೆ ಏರಿಸಿ. ಅಂಚು ಅಲೆಯಲೆಯಾದರೆ ಹೊಲಿಗೆ ಹೆಚ್ಚಾಗಿದೆ ಅಥವಾ ಕೈ ಸಡಿಲವಿದೆ, 3.5ಕ್ಕೆ ಇಳಿಸಿ. ಎಲ್ಲ ಸುತ್ತನ್ನೂ ಒಂದೇ ಮುಖದಿಂದ ಹೆಣೆಯುವುದರಿಂದ ಚೌಕ ಸ್ವಲ್ಪ ತಿರುಚಿಕೊಂಡಂತೆ ಕಾಣುವುದೂ ಉಂಟು. ಅದು ತಪ್ಪಲ್ಲ, ನೀರು ಚಿಮುಕಿಸಿ ಪಿನ್ ಮಾಡಿದಾಗ ಹೋಗುತ್ತದೆ.

ಬಾಲಗಳ ಕೆಲಸ

ಯಾರಿಗೂ ಇಷ್ಟವಿಲ್ಲದ ಕೆಲಸ ಇದು. ಒಂದು ಚೌಕಕ್ಕೆ ನಾಲ್ಕು ಬಣ್ಣ, ಎಂದರೆ 8 ಬಾಲ. 120 ಚೌಕದ ಹೊದಿಕೆಗೆ 960! ಕೊನೆಗೆ ನೋಡಿಕೊಳ್ಳೋಣ ಎಂದು ರಾಶಿ ಹಾಕಿದ ಚೌಕಗಳು ಪೆಟ್ಟಿಗೆಯಲ್ಲೇ ಉಳಿಯುವುದು ಇದೇ ಕಾರಣಕ್ಕೆ. ಚೌಕ ಮುಗಿದ ಕೂಡಲೇ ಅದರ ಬಾಲ ಸೇರಿಸಿಬಿಡಿ.

ಬಾಲವನ್ನು ಸೂಜಿಗೆ ಪೋಣಿಸಿ, ಹಿಂಬದಿಯಲ್ಲಿ ಅದೇ ಬಣ್ಣದ ಹೊಲಿಗೆಗಳ ಒಳಗೆ 4–5 ಸೆಂ.ಮೀ. ತೂರಿಸಿ, ಒಂದು ಎಳೆ ಬಿಟ್ಟು ಹಿಂದಕ್ಕೆ ತಿರುಗಿಸಿ ಮತ್ತೆ ತೂರಿಸಿ. ಒಂದೇ ದಿಕ್ಕಿಗೆ ತೂರಿಸಿದ ಬಾಲ ಒಗೆದಾಗ ಜಾರಿ ಹೊರಬರುತ್ತದೆ. ಮ್ಯಾಜಿಕ್ ರಿಂಗ್‌ನ ಬಾಲಕ್ಕೆ ವಿಶೇಷ ಎಚ್ಚರ ಬೇಕು: ರಿಂಗ್‌ನ ಸುತ್ತ ಪೂರ್ತಿ ಒಂದು ಸುತ್ತು ಹಾಯಿಸಿ, ನಂತರ ಎದುರು ದಿಕ್ಕಿಗೆ ಅರ್ಧ ಸುತ್ತು. ಅದು ಬಿಚ್ಚಿಕೊಂಡರೆ ಹೂವಿನ ನಡುವೇ ತೆರೆದುಕೊಳ್ಳುತ್ತದೆ, ಆಮೇಲೆ ರಿಪೇರಿ ಕಷ್ಟ.

ಅಳತೆಗೆ ತಂದು ಜೋಡಿಸುವುದು

ದಪ್ಪ ಫೋಮ್ ಹಲಗೆಯ ಮೇಲೆ 10 ಸೆಂ.ಮೀ. ಚೌಕ ಗುರುತಿಸಿ, ತುಕ್ಕು ಹಿಡಿಯದ ಪಿನ್‌ಗಳಿಂದ ಮೊದಲು ನಾಲ್ಕು ಮೂಲೆ, ನಂತರ ಬದಿಗಳನ್ನು ಚುಚ್ಚಿ. ನೀರು ಚಿಮುಕಿಸಿ ಪೂರ್ತಿ ಒಣಗಲು ಬಿಡಿ. ಅಕ್ರಿಲಿಕ್ ನೂಲಿಗೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಲೇಬೇಡಿ. ಶಾಖಕ್ಕೆ ಎಳೆ ಮೆತ್ತಗಾಗಿ ಉಬ್ಬಿದ ಎಸಳು ಚಪ್ಪಟೆಯಾದರೆ ಮತ್ತೆ ಮೇಲೇಳುವುದಿಲ್ಲ. ಹತ್ತಿಗೆ ಆ ಭಯವಿಲ್ಲ, ಆದರೆ ಬಣ್ಣ ಬಿಡುವ ಭಯವಿದೆ. ಕೆಂಪು ಅಥವಾ ಗಾಢ ನೀಲಿ ಎಸಳಿನ ಪಕ್ಕ ಬಿಳಿ ಅಂಚು ಹಾಕುವ ಮುನ್ನ ಆ ನೂಲಿನ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ.

ಜೋಡಿಸಲು ಹಲವು ದಾರಿಗಳಿವೆ; ಹೂವಿನ ಚೌಕಕ್ಕೆ ಸೂಜಿ ಹೊಲಿಗೆಯೇ ನಮ್ಮ ಆಯ್ಕೆ, ಅದು ಏರುತಗ್ಗಿಲ್ಲದೆ ಮಲಗುತ್ತದೆ. ಹೊಲಿಯುವ ಉದ್ದದ ಮೂರು ಪಟ್ಟು ಬಿಳಿ ನೂಲು ತೆಗೆದುಕೊಂಡು, ಎರಡು ಚೌಕಗಳನ್ನು ಮುಖ ಮೇಲಾಗಿ ಪಕ್ಕಪಕ್ಕ ಇಡಿ. ಪ್ರತಿ ಹೊಲಿಗೆಯ ತಲೆಯಲ್ಲಿ ಎರಡು ಎಳೆಗಳಿರುತ್ತವೆ. ಎರಡೂ ಚೌಕಗಳ ಹಿಂದಿನ ಎಳೆಯನ್ನಷ್ಟೇ ಹಿಡಿದು ಹೊಲಿಯುತ್ತಾ ಹೋಗಿ. ಈ ಮೂಲೆಯ ಒಂದು ಚೈನ್, 17 ಸಿಂಗಲ್, ಆ ಮೂಲೆಯ ಒಂದು ಚೈನ್, ಹೀಗೆ ಬದಿಗೆ 19 ಹೊಲಿಗೆ. ಮೊದಲು ಉದ್ದದ ಸಾಲುಗಳನ್ನೆಲ್ಲ ಮುಗಿಸಿ, ಆಮೇಲೆ ಅಡ್ಡ ಸಾಲು. ನಾಲ್ಕು ಮೂಲೆ ಕೂಡುವಲ್ಲಿ ತೂತು ಬಿಡುತ್ತದೆ. ಸೂಜಿಯನ್ನು ಓರೆಯಾಗಿ, ಎದುರುಬದುರು ಮೂಲೆಗಳ ಚೈನಿನೊಳಗೆ ಒಮ್ಮೆ ದಾಟಿಸಿ ಬಿಗಿಮಾಡಿ ಮುಂದಕ್ಕೆ ಹೋಗಿ.