ಮನೆಯಲ್ಲೇ ಬಾಹ್ಯಾಕಾಶ ಸಿನಿಮಾ ಥೀಮ್ ಹುಟ್ಟುಹಬ್ಬ

ಬಾಹ್ಯಾಕಾಶ ಸಿನಿಮಾ ಥೀಮ್‌ನಲ್ಲಿ ಹುಟ್ಟುಹಬ್ಬ ಮಾಡೋಣ ಅಂತಿದ್ದೀರಾ? ಮೊದಲು ಸಿನಿಮಾ ಆರಿಸಿ, ಅಲಂಕಾರ ಆಮೇಲೆ. ಎಷ್ಟು ಹೊತ್ತಿನದು ಅಂತ ನೋಡಲೇಬೇಕು. ‘ಇಂಟರ್‌ಸ್ಟೆಲ್ಲರ್’ 169 ನಿಮಿಷ, ಚಿಕ್ಕ ಮಕ್ಕಳು ಅಷ್ಟು ಹೊತ್ತು ಕೂರಲ್ಲ. 2008ರ ‘ವಾಲ್-ಇ’ 98 ನಿಮಿಷ, ಮಾತೂ ಕಡಿಮೆ. ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡಬಹುದು.

ಗೋಡೆಗೆ ಕಪ್ಪು ಬಟ್ಟೆ ಸಾಕು. ಹಳೇ ಟೂತ್‌ಬ್ರಷ್‌ ಅನ್ನು ಬಿಳಿ ಬಣ್ಣದಲ್ಲಿ ಅದ್ದಿ, ಎಳೆಗಳ ಮೇಲೆ ಹೆಬ್ಬೆರಳು ಎಳೆಯಿರಿ. ಸಣ್ಣ ಸಣ್ಣ ಹನಿ ಸಿಡಿದು ನಕ್ಷತ್ರಗಳಾಗುತ್ತವೆ. ಬಣ್ಣ ತೀರಾ ನೀರಾದರೆ ಸೋರುತ್ತದೆ, ಸ್ವಲ್ಪ ಗಟ್ಟಿ ಇರಲಿ. ಹಿಂದಿನ ದಿನವೇ ಮಾಡಿಡಿ, ಒಣಗಬೇಕಲ್ವಾ.

ನನಗೆ ತುಂಬಾ ಇಷ್ಟವಾದ ಆಟ ಒಂದಿದೆ. 2 ಸೆಂ.ಮೀ. ಗೋಲಿಯನ್ನು ಭೂಮಿ ಅಂದುಕೊಳ್ಳಿ. ಚಂದ್ರ ಅರ್ಧ ಸೆಂ.ಮೀ. ಮಣಿ. ಅದನ್ನು ಎಷ್ಟು ದೂರ ಇಡಬೇಕು ಅಂತ ಎಲ್ಲರೂ ಊಹಿಸಲಿ. ಸಾಮಾನ್ಯವಾಗಿ ಪಕ್ಕದಲ್ಲೇ ಇಟ್ಟುಬಿಡುತ್ತಾರೆ. ಸರಿಯಾದ ದೂರ ಸುಮಾರು 60 ಸೆಂ.ಮೀ.! ಅದೇ ಲೆಕ್ಕದಲ್ಲಿ ಗುರು ಗ್ರಹಕ್ಕೆ 22 ಸೆಂ.ಮೀ. ಬಲೂನ್ ಊದಿ.

ಕೇಕ್ ಸಿನಿಮಾಗೆ ಮುಂಚೆಯೇ ಕತ್ತರಿಸಿ, ಇಲ್ಲದಿದ್ದರೆ ಮಕ್ಕಳ ಗಮನವೆಲ್ಲ ಅಲ್ಲೇ. ಪುಟಾಣಿಗಳಿದ್ದರೆ ಗೋಲಿ, ಮಣಿ, ಬಲೂನ್ ದೊಡ್ಡವರ ಕೈಯಲ್ಲೇ ಇರಲಿ, ಬಾಯಿಗೆ ಹಾಕಿಕೊಂಡಾರು.